ಆಟಿಕೆಯ ಟ್ಯಾಂಕಿಗೆ ಮೆತ್ತಿದ ಕೆಸರು

ಫೋರ್ಟಿನ ಕಚೇರಿಯೊಂದರಲ್ಲಿ ಗುಮಾಸ್ತರಾಗಿರುವ ನಮ್ಮ ವಾಚಕರೊಬ್ಬರು ಕಳೆದ ತಿಂಗಳು ನಮಗೊಂದು ಪತ್ರ ಬರೆದಿದ್ದರು. ಮೂವತ್ತು ವರ್ಷ ದಾಟಿದ ತಾವು ರಾತ್ರಿ ಊಟವಾದ ಬಳಿಕ ಅಂಗೈಯಲ್ಲಿ ಅಡಗುವಷ್ಟು ಚಿಕ್ಕ ಟ್ಯಾಂಕುಗಳನ್ನು ಜೋಡಿಸಿ, ಅವುಗಳಿಗೆ ಬಣ್ಣ ಬಳಿದು, ಕೆಸರು ಮೆತ್ತಿ, ರವಿವಾರ ಮಿತ್ರರೊಡನೆ ಮೇಜಿನ ಮೇಲೆ ಯುದ್ಧದ ಆಟ ಆಡುತ್ತಿರುವುದಾಗಿಯೂ, ಕ್ಯಾಂಟೀನು ನಡೆಸುತ್ತಿರುವ ತಮ್ಮ ಅಣ್ಣನವರು ಇದನ್ನು ಹುಚ್ಚೆಂದು ಹೇಳಿ ಎರಡು ತಿಂಗಳಿಂದ ಮಾತು ಬಿಟ್ಟಿರುವುದಾಗಿಯೂ ತಿಳಿಸಿ, ಇದರಲ್ಲಿ ತಪ್ಪು ಯಾರದೆಂದು ನಾವೇ ಹೇಳಬೇಕೆಂದು ಕೇಳಿಕೊಂಡಿದ್ದರು. ಎಸ್ಸೆಸ್ಸೆಲ್ಸಿಯವರೆಗೆ ಓದಿ, ವರ್ಷಗಟ್ಟಲೆ ಗಲ್ಲೆಯ ಮೇಲೆ ಕುಳಿತು ಚಿಲ್ಲರೆ ಎಣಿಸಿ, ಆಮೇಲೆ ಲೇಖನಿ ಹಿಡಿದ ನಮಗೆ ಟ್ಯಾಂಕುಗಳ ವಿಷಯದಲ್ಲಿ ತೀರ್ಪು ಕೊಡುವ ಯೋಗ್ಯತೆ ಎಲ್ಲಿಂದ ಬರಬೇಕು? ಪತ್ರವನ್ನು ಬುಟ್ಟಿಗೆ ಹಾಕಬೇಕೆಂದೇ ಮೊದಲು ಅನ್ನಿಸಿತು. ಆದರೆ ಅಣ್ಣ ತಮ್ಮಂದಿರು ಮಾತು ಬಿಟ್ಟಿದ್ದಾರೆಂಬ ಸಂಗತಿ ಮನಸ್ಸನ್ನು ಕೊರೆಯತೊಡಗಿದ್ದರಿಂದ ಒಂದು ರವಿವಾರ ಡೊಂಬಿವಲಿಯ ಅವರ ಖೋಲಿಗೆ ಹೋಗಿ ಕಣ್ಣಾರೆ ನೋಡಿಬಂದೆವು. ನೋಡಿದ ಮೇಲೆ ನಮ್ಮ ಅಭಿಪ್ರಾಯವನ್ನು ಇಲ್ಲಿ ಬಹಿರಂಗವಾಗಿಯೇ ಬರೆಯುವುದು ಯುಕ್ತವೆಂದು ತೋರಿತು. ಏಕೆಂದರೆ ಆ ಅಣ್ಣನವರೂ ನಮ್ಮ ವಾಚಕರೇ.

ಇದು ಹುಚ್ಚೇ ಆಗಿದ್ದರೆ ಬಹು ಹಳೆಯ, ಬಹು ದೊಡ್ಡವರ ಹುಚ್ಚೆಂಬುದನ್ನು ಮೊದಲು ಹೇಳಬೇಕು. ಪ್ರಷ್ಯಾ ದೇಶದ ರೈಸ್ವಿಟ್ಸ್ ಎಂಬಾತನು 1812ರಲ್ಲಿ ತನ್ನ ರಾಜನಿಗೆ ಒಂದು ಮೇಜನ್ನು ಒಪ್ಪಿಸಿದನು. ಬೆಟ್ಟ, ಹೊಳೆ, ರಸ್ತೆ, ಹಳ್ಳಿಗಳನ್ನು ಉಬ್ಬುತಗ್ಗುಗಳಾಗಿ ತೋರಿಸುವ ಬಿಲ್ಲೆಗಳನ್ನು ಅದರ ಮೇಲೆ ಬೇಕಾದಂತೆ ಜೋಡಿಸಿ ಸೈನ್ಯಗಳನ್ನು ನಡೆಸುವ ಏರ್ಪಾಡು ಅದು. ಅವನ ಮಗನು ಆ ಆಟವನ್ನು ತಿದ್ದಿ, ಮೇಜಿಗೆ ಬದಲು ನಕ್ಷೆಯನ್ನು ತಂದು, 1824ರಲ್ಲಿ ನಿಯಮಗಳನ್ನು ಅಚ್ಚು ಹಾಕಿಸಿದ ಮೇಲೆ ಪ್ರಷ್ಯನ್ ಸೇನಾಧಿಕಾರಿಗಳು ಇದನ್ನೇ ಪಾಠವಾಗಿ ಕಲಿತರು. ಇನ್ನು ಆಟವನ್ನು ಆಟವಾಗಿಯೇ ಮನೆಮನೆಗೆ ತಂದವರಲ್ಲಿ ಮುಖ್ಯರು ಇಂಗ್ಲೆಂಡಿನ ಪ್ರಸಿದ್ಧ ಕಾದಂಬರಿಕಾರ ಎಚ್. ಜಿ. ವೆಲ್ಸ್. ತವರದ ಸಿಪಾಯಿಗಳನ್ನು ನೆಲದ ಮೇಲೆ ನಿಲ್ಲಿಸಿ, ಸ್ಪ್ರಿಂಗಿನ ಆಟಿಕೆ ಫಿರಂಗಿಯಿಂದ ಮರದ ಚೂರು ಹಾರಿಸಿ ಅವುಗಳನ್ನು ಉರುಳಿಸುವ ಆಟಕ್ಕೆ ನಿಯಮಗಳನ್ನು ಕಟ್ಟಿ, 1913ರಲ್ಲಿ ಅವರು 'ಲಿಟಲ್ ವಾರ್ಸ್' ಎಂಬ ಪುಸ್ತಕವನ್ನೇ ಪ್ರಕಟಿಸಿದರು. ಆಗ ಅವರ ವಯಸ್ಸು ನಲವತ್ತಾರೋ ನಲವತ್ತೇಳೋ. ನಮ್ಮ ಗುಮಾಸ್ತರಿಗೆ ಇನ್ನೂ ಮೂವತ್ತೊಂದು.

ಪ್ಲಾಸ್ಟಿಕ್ಕು ಬಂದ ಮೇಲೆ ಇದು ವ್ಯಾಪಾರವಾಯಿತು. ಇಂಗ್ಲೆಂಡಿನ ಏರ್‌ಫಿಕ್ಸ್ ಕಂಪನಿಯು 1952ರಲ್ಲಿ ಒಂದು ಹಳೆಯ ಹಡಗಿನ ಬಿಡಿಭಾಗಗಳನ್ನು ಅಗ್ಗದ ಬೆಲೆಗೆ ಬಿಡಿ ಅಂಗಡಿಗಳಲ್ಲಿ ಮಾರಿಸಿತು. ಜಪಾನಿನ ಷಿಜುಓಕಾ ಊರಿನ ತಮಿಯಾ ಎಂಬವರದು ಮೊದಲು ಮರದ ವ್ಯಾಪಾರ. ಅವರು ತಮ್ಮ ಮೊದಲ ಟ್ಯಾಂಕಿನೊಳಗೆ ಮೋಟಾರೂ ಬ್ಯಾಟರಿಗಳೂ ಹಿಡಿಯಬೇಕೆಂದು ಅದನ್ನು ನಿಜವಾದುದರ 35ರಲ್ಲಿ ಒಂದು ಪಾಲಿಗೆ ಇಳಿಸಿದರು. ಇಂದು ಲೋಕದಲ್ಲೆಲ್ಲ ಸೇನಾವಾಹನಗಳ ಮಾದರಿಗಳಿಗೆ ಈ 35ರ ಅಳತೆಯೇ ರೂಢಿಯಾಗಿದೆ. ಬ್ಯಾಟರಿಯ ಗಾತ್ರದಿಂದ ಹುಟ್ಟಿದ ಅಳತೆ! ಲಂಡನ್ನಿನಲ್ಲಿ ಮೂವರು ಗೆಳೆಯರು 1975ರಲ್ಲಿ ಸೇರಿ ಆಟದ ಮರದ ಹಲಗೆಗಳನ್ನು ಕೈಯಾರೆ ಮಾಡಿ ಮಾರುತ್ತ ತೆರೆದ ಗೇಮ್ಸ್ ವರ್ಕ್‌ಷಾಪ್ ಎಂಬ ಸಂಸ್ಥೆಯು ಮುಂದೆ ಇಂಥ ಪುಟ್ಟ ಸೈನ್ಯಗಳನ್ನೇ ಮಾರುತ್ತ ಬೆಳೆದು, 2024ರ ಡಿಸೆಂಬರಿನಲ್ಲಿ ಲಂಡನ್ ಷೇರುಪೇಟೆಯ ನೂರು ಹಿರಿಯ ಕಂಪನಿಗಳ ಪಟ್ಟಿಗೆ ಸೇರಿತು. ಹೋಟೆಲು ಇಟ್ಟು ಬೆಳೆದ ನಮ್ಮವರಿಗೆ ಈ ಕಥೆಯ ಮರ್ಮವನ್ನು ಬಿಡಿಸಿ ಹೇಳಬೇಕಾದುದಿಲ್ಲ.

ಡೊಂಬಿವಲಿಯ ಖೋಲಿಗೆ ಬರೋಣ. ಮೂವರು ಇರುವ ಖೋಲಿ. ಮಂಚದ ಕೆಳಗಿನಿಂದ ನಮ್ಮ ಗುಮಾಸ್ತರು ಎರಡು ಹಲಗೆಗಳನ್ನು ಎಳೆದು ತೆಗೆದು ಜೋಡಿಸಿದರು. ನೋಡುತ್ತಿದ್ದಂತೆ ನಮ್ಮ ಮುಂದೆ ಪಂಜಾಬಿನ ಖೇಮ್ ಕರಣ್ ಪ್ರದೇಶದ ಕಬ್ಬಿನ ಗದ್ದೆಗಳು ಹರಡಿದುವು. 1965ರ ಸೆಪ್ಟೆಂಬರ್ 8ರಿಂದ 10ರವರೆಗೆ ಅಸಲ್ ಉತ್ತರ್ ಎಂಬ ಹಳ್ಳಿಯ ಬಳಿ ನಡೆದ ಟ್ಯಾಂಕುಗಳ ಕಾಳಗವನ್ನು ವಾಚಕರು ಕೇಳಿರಬಹುದು. ನಮ್ಮವರು ಕಬ್ಬಿನ ಮರೆಯಲ್ಲಿ ಕುದುರೆಲಾಳದ ಆಕಾರದಲ್ಲಿ ಹೊಂಚುಹಾಕಿ ನಿಂತು, ಗದ್ದೆಗಳಿಗೆ ನೀರು ಬಿಟ್ಟು, ಅಮೆರಿಕದಿಂದ ಬಂದ ಪಾಕಿಸ್ತಾನದ ಪ್ಯಾಟನ್ ಟ್ಯಾಂಕುಗಳು ಕೆಸರಿನಲ್ಲಿ ಸಿಕ್ಕಿಬೀಳುವಂತೆ ಮಾಡಿದರು. ಹಿಡಿದ ಟ್ಯಾಂಕುಗಳನ್ನು ಅನಂತರ ಸಾಲಾಗಿ ನಿಲ್ಲಿಸಿದ ಸ್ಥಳಕ್ಕೆ ಪ್ಯಾಟನ್ ನಗರವೆಂದೇ ಹೆಸರಾಯಿತು.

ಆ ಕಬ್ಬನ್ನು ಅವರು ಯಾವುದರಿಂದ ಮಾಡಿದ್ದಾರೆ, ಬಲ್ಲಿರಾ? ಹಿಡಿಸೂಡಿಯ ಕಡ್ಡಿಗಳಿಂದ. ಇಲ್ಲಿ ಅಳತೆ 72ರಲ್ಲಿ ಒಂದು ಪಾಲು. ಮೂರು ಮೀಟರು ಎತ್ತರದ ಕಬ್ಬು ನಾಲ್ಕು ಸೆಂಟಿಮೀಟರಿಗಿಂತ ತುಸು ಹೆಚ್ಚಾಗಬೇಕು. ಅಷ್ಟುದ್ದಕ್ಕೆ ಕಡ್ಡಿಗಳನ್ನು ಕತ್ತರಿಸಿ, ಹಸಿರು ಬಣ್ಣದ ಕಾಗದವನ್ನು ಕೂದಲಿನಂತೆ ಸೀಳಿ ಎಲೆಗಳಾಗಿ ಅಂಟಿಸಿದ್ದಾರೆ. ಅಂಥ ಕಡ್ಡಿಗಳು ಸಾವಿರಕ್ಕೆ ಕಡಮೆ ಇರಲಾರವು. ನೆಲ ಥರ್ಮೋಕೋಲಿನದು. ಯಾವುದೋ ಫ್ರಿಜ್ಜಿನ ಪೆಟ್ಟಿಗೆಯೊಳಗೆ ಬಂದುದು. ಅದರ ಮೇಲೆ ನೇರವಾಗಿ ಡಬ್ಬಿಯ ಸ್ಪ್ರೇ ಬಣ್ಣ ಹಾಯಿಸಿದರೆ ಥರ್ಮೋಕೋಲು ಕರಗಿ ಹೊಂಡ ಬೀಳುತ್ತದೆಯಂತೆ. ಆದುದರಿಂದ ಮೊದಲು ಫೆವಿಕೋಲಿನಲ್ಲಿ ನಯವಾದ ಮರಳನ್ನು ಕಲಸಿ ಬಳಿದು, ಚೆನ್ನಾಗಿ ಒಣಗಿಸಿ, ಆಮೇಲೆ ಬಣ್ಣ. ಗದ್ದೆಯ ಕರಿಮಣ್ಣು ಎಂದು ನಾವು ಬೆರಳಿನಿಂದ ಮುಟ್ಟಿ ನೋಡಿದ್ದು ಸೋಸಿ ಉಳಿದ ಚಹಾಪುಡಿಯಾಗಿತ್ತು. ದಿನವೂ ಬಕೆಟ್ಟುಗಟ್ಟಲೆ ಆ ಪುಡಿಯನ್ನು ಹೊರಗೆ ಚೆಲ್ಲಿಸುತ್ತಿದ್ದ ನಮಗೆ ಅದು ಮಣ್ಣಾಗಬಲ್ಲುದೆಂಬುದು ಒಮ್ಮೆಯೂ ಹೊಳೆದಿರಲಿಲ್ಲ.

ಟ್ಯಾಂಕಿನ ಕೆಲಸ ಇನ್ನೂ ಸೂಕ್ಷ್ಮ. ಪೆಟ್ಟಿಗೆಯಲ್ಲಿ ಬರುವುದು ಪ್ಲಾಸ್ಟಿಕ್ಕಿನ ಒಂದು ಚೌಕಟ್ಟು. ಅದಕ್ಕೆ ತೊಟ್ಟುಗಳಿಂದ ತೂಗಿಕೊಂಡಿರುವ ಭಾಗಗಳನ್ನು ಇಕ್ಕಳದಿಂದ ಕತ್ತರಿಸಿ, ಅಚ್ಚು ಕೂಡಿದ ಕಡೆ ಉಳಿದ ಗೆರೆಯನ್ನು ಬ್ಲೇಡಿನಿಂದ ಹೆರೆದು, ಅಂಟುದ್ರವವನ್ನು ಸವರಿ ಜೋಡಿಸಬೇಕು. ಆ ದ್ರವವು ಪ್ಲಾಸ್ಟಿಕ್ಕನ್ನೇ ತುಸು ಕರಗಿಸಿ ಎರಡನ್ನೂ ಬೆಸೆದುಬಿಡುತ್ತದೆ. ಮೇಲೆ ಒಂದು ತಳಬಣ್ಣ, ಅದರ ಮೇಲೆ ಸೇನೆಯ ಹಸಿರು. ಇಲ್ಲಿಗೆ ಬಂದಾಗ ಅದು ಅಂಗಡಿಯ ಆಟಿಕೆ. ಹೊಚ್ಚ ಹೊಸತು, ಹೊಳಪುಳ್ಳದ್ದು, ಸುಳ್ಳು. ನಿಜವಾದ ವಿದ್ಯೆ ಆಮೇಲಿನದು. ಆ ಹವ್ಯಾಸಿಗಳು ಅದನ್ನು ವೆದರಿಂಗ್ ಎನ್ನುತ್ತಾರೆ. ಹೊಸದನ್ನು ಹಳತಾಗಿಸುವ ವಿದ್ಯೆ ಎಂದು ನಾವು ಹೇಳಬಹುದು. ಕಪ್ಪು ಮಿಶ್ರಿತ ಕಂದುಬಣ್ಣವನ್ನು ತಿಳಿಸಾರಿನಷ್ಟು ತೆಳ್ಳಗೆ ಮಾಡಿ ಹರಿಯಬಿಟ್ಟರೆ ಅದು ಮೂಲೆ ಸಂದುಗಳಿಗೆ ಇಳಿದು ನಿಂತು ಜಿಡ್ಡಿನಂತೆ ಕಾಣುತ್ತದೆ. ಕುಂಚದ ಬಣ್ಣವನ್ನೆಲ್ಲ ಬಟ್ಟೆಗೆ ಒರೆಸಿ, ಉಳಿದ ಪಸೆಯಿಂದ ಉಬ್ಬುಗಳನ್ನು ಸವರಿದರೆ ಅವು ಸವೆದಂತೆ ತೋರುತ್ತವೆ. ಬಣ್ಣ ಕೆತ್ತಿಹೋದ ಗುರುತಿಗೆ ಪಾತ್ರೆ ತಿಕ್ಕುವ ಸ್ಪಂಜಿನ ಚೂರನ್ನು ಬಣ್ಣದಲ್ಲಿ ಅದ್ದಿ ಅಂಚಿಗೆ ಮೆಲ್ಲಗೆ ತಟ್ಟುವುದುಂಟು. ಇನ್ನೊಂದು ಉಪಾಯ ಕೇಳಿ ನಾವು ನಕ್ಕೆವು: ಮೊದಲು ತುಕ್ಕಿನ ಬಣ್ಣ ಬಳಿದು, ಅದರ ಮೇಲೆ ಹೆಂಗಸರು ಕೂದಲಿಗೆ ಹಾಕುವ ಹೇರ್ ಸ್ಪ್ರೇ ಸಿಂಪಡಿಸಿ, ಒಣಗಿದ ಮೇಲೆ ಹಸಿರು ಬಣ್ಣ ಹಚ್ಚುವುದು, ಆಮೇಲೆ ನೀರಿನಲ್ಲಿ ಅದ್ದಿದ ಕುಂಚದಿಂದ ಉಜ್ಜಿದರೆ ನಡುವಿನ ಸ್ಪ್ರೇ ಕರಗಿ, ಮೇಲಿನ ಹಸಿರು ಅಲ್ಲಲ್ಲಿ ಸುಲಿದು, ಒಳಗಿನ ತುಕ್ಕು ಕಾಣುತ್ತದೆ.

ಈ ತುಕ್ಕಿನ ಕಾರಣದಿಂದಲೇ ನಮಗೂ ಅವರಿಗೂ ಒಂದು ವಾಗ್ವಾದವಾಯಿತು. ಅವರು ಮಾಡಿದ್ದು ನಮ್ಮ ಡೆಕ್ಕನ್ ಹಾರ್ಸ್ ದಳದ ಷರ್ಮನ್ ಟ್ಯಾಂಕು, ಎಂಟು ಸೆಂಟಿಮೀಟರು ಉದ್ದದ್ದು. ಅದರ ಮೈತುಂಬ ಕೆಂಪು ತುಕ್ಕು ಸುರಿದಿದ್ದರು. ಏಕೆಂದು ಕೇಳಿದೆವು. ಷರ್ಮನ್ನುಗಳು ಎರಡನೆಯ ಮಹಾಯುದ್ಧದ ಕಾಲದವು, 1965ಕ್ಕೆ ಇಪ್ಪತ್ತು ವರ್ಷ ಹಳೆಯವು, ಆದುದರಿಂದ ತುಕ್ಕು ಸಹಜ ಎಂದರು. ನಾವು ಒಪ್ಪಲಿಲ್ಲ. ನಮ್ಮ ಹೋಟೆಲಿನ ದೋಸೆಕಾವಲಿ ನಮ್ಮ ತಂದೆಯವರ ಕಾಲದ್ದು. ಇಂದಿಗೂ ಅದರ ಮೇಲೆ ತುಕ್ಕಿನ ಚುಕ್ಕೆಯೊಂದೂ ಇಲ್ಲ, ಅದು ದಿನವೂ ಕಾಯುತ್ತದೆ, ಎಣ್ಣೆ ಕುಡಿಯುತ್ತದೆ. ಗಣಪತಿ ಹಬ್ಬಕ್ಕೆಂದು ತಂದು ಅಟ್ಟಕ್ಕೆ ಹಾಕಿದ ಹೊಸ ಕಾವಲಿ ಒಂದೇ ಮಳೆಗಾಲಕ್ಕೆ ಕೆಂಪಾಯಿತು. ತುಕ್ಕು ಬರುವುದು ವಯಸ್ಸಿನಿಂದಲ್ಲ, ಕೈ ತಾಗದಿರುವುದರಿಂದ. ದಂಡಿನವರು ತಮ್ಮ ಪ್ರಾಣ ಅಡಗಿರುವ ಯಂತ್ರವನ್ನು ಒರೆಸದೆ, ಎಣ್ಣೆ ಹಾಕದೆ, ಬಣ್ಣ ಹೊಡೆಯದೆ ಬಿಡುವರೇ? ಆ ಟ್ಯಾಂಕಿಗೆ ಬೇಕಾದುದು ತುಕ್ಕಲ್ಲ, ಧೂಳು ಮತ್ತು ಕೆಸರು; ಕೆಸರಿನಲ್ಲಿಯೂ ಕೆಳಗೆ ಹಸಿಯಾದ ಕಪ್ಪು, ಮೇಲಕ್ಕೆ ಹೋದಂತೆ ಒಣಗಿ ಬಿಳಿಚಿದ್ದು. ಸಿಪಾಯಿಗಳು ಹತ್ತಿಳಿಯುವಲ್ಲಿ ಬೂಟುಗಳ ಸವೆತ. ಎಣ್ಣೆ ತುಂಬುವ ಬಾಯಿಯ ಸುತ್ತ ಒಂದು ಕಪ್ಪು ಕಲೆ. ಹೊಗೆ ಬರುವ ಕೊಳವೆಯ ಬಳಿ ಮಸಿ. ನೆಲ ಮುಟ್ಟುವ ಸರಪಳಿಯ ಉಬ್ಬುಗಳಲ್ಲಿ ಮಾತ್ರ ಬೆಳ್ಳಿಯ ಹೊಳಪು, ಕಲ್ಲುಮಣ್ಣಿಗೆ ಉಜ್ಜಿ ಉಜ್ಜಿ.

ಇಷ್ಟನ್ನೆಲ್ಲ ನಾವು ಹೇಳಿದಾಗ ಅವರು ಬೆರಗಾದರು. ಟ್ಯಾಂಕು ನೋಡಿದ್ದೀರಾ ಎಂದು ಕೇಳಿದರು. ಇಲ್ಲ. ನಾವು ನೋಡಿದ್ದು ಗಿರಾಕಿಗಳ ತಲೆಯ ಎಣ್ಣೆ ತಾಗಿ ಒಂದೇ ಎತ್ತರದಲ್ಲಿ ಕಪ್ಪಾದ ಗೋಡೆ. ಗಲ್ಲೆಯ ಎದುರು ಕಾಲು ನಿಂತು ನಿಂತು ಕುಳಿಬಿದ್ದ ಕಲ್ಲು. ಕೈ ಹಿಡಿಯುವಲ್ಲಿ ಮಾತ್ರ ಬಣ್ಣ ಹೋದ ಅಡುಗೆಮನೆಯ ಬಾಗಿಲು. ಹೀಗೆ ವಸ್ತು ಎಲ್ಲಿ ಸವೆಯುತ್ತದೆ, ಕೊಳೆ ಎಲ್ಲಿ ಕೂರುತ್ತದೆ ಎಂಬುದನ್ನು ಮೇಜು ಒರೆಸುವ ಮಾಣಿಗಿಂತ, ಪಾತ್ರೆ ತಿಕ್ಕುವ ಹುಡುಗನಿಗಿಂತ, ಹಳೆಯ ಕಡತಗಳ ಮೂಲೆ ತಿರುವುವ ಗುಮಾಸ್ತನಿಗಿಂತ ಹೆಚ್ಚು ಬಲ್ಲವರು ಯಾರಿದ್ದಾರೆ? ಬೇರೆ ದೇಶಗಳಲ್ಲಿ ಜನರು ಪುಸ್ತಕ ಕೊಂಡು ಕಲಿಯುವ ವಿದ್ಯೆಯ ಅರ್ಧಪಾಲು ನಮ್ಮವರ ಕಣ್ಣಿನಲ್ಲಿ ಆಗಲೇ ಇದೆ ಎಂಬುದೇ ನಮ್ಮ ವಾದ. ಈ ಹವ್ಯಾಸ ಶ್ರೀಮಂತರದು, ಪರದೇಶದವರದು, ನಮಗೆ ಸಲ್ಲದು ಎಂಬ ಮಾತನ್ನು ನಾವು ಒಪ್ಪುವುದಿಲ್ಲ.

ನಿಜವಾದ ಟ್ಯಾಂಕು ನೋಡಬೇಕೆಂಬವರು ಅಹಮದ್‌ನಗರಕ್ಕೆ, ಅಂದರೆ ಈಗಿನ ಅಹಿಲ್ಯಾನಗರಕ್ಕೆ ಹೋಗಬಹುದು. ಅಲ್ಲಿ ಸೇನೆಯವರು 1994ರಲ್ಲಿ ತೆರೆದ ಟ್ಯಾಂಕುಗಳ ವಸ್ತುಸಂಗ್ರಹಾಲಯವಿದೆ, ಪುಣೆಯಿಂದ ಬಸ್ಸಿನಲ್ಲಿ ಕೆಲವೇ ಗಂಟೆಗಳ ಹಾದಿ. ಆಕಾರ, ಅಳತೆಗಳನ್ನು ತಿಳಿಯಲು ಅದು ಒಳ್ಳೆಯದೇ. ಆದರೆ ಸಂಗ್ರಹಾಲಯದ ಯಂತ್ರಗಳು ನೀಟಾಗಿ ಬಣ್ಣ ಹೊಡೆಸಿಕೊಂಡು ನಿಂತಂಥವು. ದುಡಿದ ಗುರುತು ಅವುಗಳಲ್ಲಿ ಸಿಗುವುದು ಕಷ್ಟ. ಅದಕ್ಕೆ ರಸ್ತೆ ಅಗೆಯುವ ಜೆಸಿಬಿಯೇ ಸರಿಯಾದ ಗುರು. ಅದರ ಬಾಯಿಯ ಹಲ್ಲುಗಳು ಎಷ್ಟು ಬೆಳ್ಳಗಿವೆ, ತೋಳಿನ ಕೀಲುಗಳಲ್ಲಿ ಗ್ರೀಸು ಹೇಗೆ ಧೂಳನ್ನು ಹಿಡಿದು ಕಪ್ಪಾಗಿದೆ, ಮಳೆ ಬಂದರೆ ಮಣ್ಣು ಯಾವ ದಿಕ್ಕಿಗೆ ಗೀರಾಗಿ ಇಳಿದಿದೆ, ಇದನ್ನು ಮುಂಬಯಿಯಲ್ಲಿ ದಿನವೂ ಬಿಟ್ಟಿಯಾಗಿ ನೋಡಬಹುದು.

ಇಲ್ಲಿ ನಮ್ಮದೇ ಒಂದು ತಪ್ಪನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಹದಿನಾಲ್ಕು ವರ್ಷಗಳ ಹಿಂದೆ ನಮ್ಮ ಹೋಟೆಲಿನಲ್ಲಿ ಕುಂದಾಪುರದ ಕಡೆಯ ಹತ್ತೊಂಬತ್ತು ವರ್ಷದ ತರುಣನೊಬ್ಬ ಪಾತ್ರೆ ತೊಳೆಯುವ ಕೆಲಸಕ್ಕಿದ್ದ. ಮಾತು ಕಡಮೆ. ಒಂದು ದಿನ ಉಗ್ರಾಣವನ್ನು ತಪಾಸಣೆ ಮಾಡುವಾಗ ಅಕ್ಕಿಮೂಟೆಗಳ ಹಿಂದೆ ರಟ್ಟಿನದೊಂದು ಲಾರಿ ಸಿಕ್ಕಿತು. ಊದುಬತ್ತಿಯ ಪೆಟ್ಟಿಗೆಗಳಿಂದ ಮಾಡಿದ್ದು, ಸೋಡಾ ಬಾಟಲಿಯ ಬಿರಡೆಗಳೇ ಚಕ್ರ. ಮೈಯೆಲ್ಲ ಕಲೆ, ಜಿಡ್ಡು, ಮಸಿ. ಆಹಾರ ವಸ್ತುಗಳಿರುವಲ್ಲಿ ಇಂಥ ಕೊಳಕು ಏಕೆಂದು ಗದರಿಸಿ, ಅವನ ಎದುರಿನಲ್ಲಿಯೇ ಅದನ್ನು ಕಸದ ಡಬ್ಬಿಗೆ ಹಾಕಿದೆವು. "ಆಯ್ತು ಧಣಿ" ಎಂದಷ್ಟೇ ಹೇಳಿ ಆತ ಮೋರಿಯ ಕಡೆಗೆ ಹೋದ. ಮರುತಿಂಗಳು ಪಗಾರ ಎಣಿಸಿಕೊಂಡು ಊರಿಗೆ ಹೋದವನು ಮರಳಲಿಲ್ಲ. ಆಗ ನಮಗೆ ಅದರಲ್ಲಿ ಏನೂ ಅನ್ನಿಸಲಿಲ್ಲ. ಹುಡುಗರು ಬರುತ್ತಾರೆ, ಹೋಗುತ್ತಾರೆ.

ಡೊಂಬಿವಲಿಯಲ್ಲಿ ಆ ಷರ್ಮನ್ ಟ್ಯಾಂಕನ್ನು ಕೈಯಲ್ಲಿ ಹಿಡಿದು, ಎಣ್ಣೆ ತುಂಬುವ ಬಾಯಿಯ ಕೆಳಗೆ ಕಲೆ ಬೇಕೆಂದು ಹೇಳುತ್ತಿದ್ದಾಗ ನಮಗೆ ಥಟ್ಟನೆ ಆ ಲಾರಿ ನೆನಪಾಯಿತು. ಅದರ ಡೀಸೆಲ್ ಮುಚ್ಚಳದ ಕೆಳಗೆ ಒಂದು ಗೀರು ಇಳಿದಿತ್ತು. ಹಿಂದಿನ ಹಲಗೆಯ ಮೇಲೆ, ಮೂಟೆಗಳನ್ನು ಎಳೆದಿಳಿಸುವ ಕಡೆಯಲ್ಲಿ ಮಾತ್ರ ಬಣ್ಣ ಸವೆದಿತ್ತು. ಅದು ನಮ್ಮಲ್ಲಿಗೆ ಬೆಳಗಿನ ಜಾವ ತರಕಾರಿ ತರುತ್ತಿದ್ದ ಲಾರಿಯೇ. ಮಸಿಗೂ ಎಣ್ಣೆಗೂ ಅಡುಗೆಮನೆಯಲ್ಲಿ ಬರವಿರಲಿಲ್ಲ. ಕೊಳೆಯೆಂದು ನಾವು ಎಸೆದದ್ದು ಅವನು ಬೇಕೆಂದೇ ಬಳಿದುದಾಗಿತ್ತು. ಗಲ್ಲೆಯ ಮೇಲಿನ ಮನುಷ್ಯನೇ ಮೋಸಹೋಗುವಷ್ಟು ಚೆನ್ನಾಗಿ ಬಳಿದಿದ್ದ! ಅವನ ಹೆಸರು ನಮಗೆ ನೆನಪಿದೆ, ವಿಳಾಸ ಇಲ್ಲ.

ಈ ಹವ್ಯಾಸದ ಮೇಲಿನ ಆಕ್ಷೇಪಗಳಲ್ಲಿ ಹಣದ್ದು ಮೊದಲನೆಯದು. ಅಣ್ಣನವರ ಈ ದೂರಿನಲ್ಲಿ ಹುರುಳಿಲ್ಲವೆನ್ನಲಾರೆವು. ಪರದೇಶದ ಪೆಟ್ಟಿಗೆಗಳು, ಶೀಸೆಯ ಬಣ್ಣಗಳು ದುಬಾರಿ. ಊರಿಗೆ ಹಣ ಕಳಿಸಬೇಕಾದವನು ಅವುಗಳ ಬೆನ್ನು ಹತ್ತಿದರೆ ಹುಚ್ಚೆಂಬ ಮಾತು ಸಲ್ಲುತ್ತದೆ. ಆದರೆ ಹಣವಿಲ್ಲದೆ ಆಗದ ಕೆಲಸ ಇದಲ್ಲ. ಮೇಲೆ ಹೇಳಿದ ಗೇಮ್ಸ್ ವರ್ಕ್‌ಷಾಪಿನ ಮಾಸಪತ್ರಿಕೆಯೇ 1980ರ ದಶಕದಲ್ಲಿ ಖಾಲಿಯಾದ ಡಿಯೋಡರೆಂಟ್ ಡಬ್ಬಿಯಿಂದ ಗಾಳಿಯಲ್ಲಿ ತೇಲುವ ಟ್ಯಾಂಕು ಮಾಡುವ ಕ್ರಮವನ್ನು ಅಚ್ಚು ಹಾಕಿತ್ತು. ಅದನ್ನು ಇಂದಿಗೂ ಆ ಹವ್ಯಾಸಿಗಳು ಪ್ರೀತಿಯಿಂದ ನೆನೆಯುತ್ತಾರೆಂದು ತಿಳಿದುಬರುತ್ತದೆ. ನಮ್ಮ ಗುಮಾಸ್ತರ ಹೊಲಗದ್ದೆಗಳೆಲ್ಲ ಕಸದಿಂದ ಆದುವು. ಕೊಂಡದ್ದು ಟ್ಯಾಂಕುಗಳು, ಬಣ್ಣ, ಅಂಟು ಮಾತ್ರ. ತಿಂಗಳಿಗಿಷ್ಟೆಂದು ಗೆರೆ ಎಳೆದು ಅದರಾಚೆ ಹೋಗಬಾರದೆಂದು ಅವರಿಗೆ ನಾವು ಸ್ಪಷ್ಟವಾಗಿ ಹೇಳಿದ್ದೇವೆ. ಲೆಕ್ಕದ ಪುಸ್ತಕವನ್ನು ತೋರಿಸಿದರು. ಗುಮಾಸ್ತರಲ್ಲವೇ, ಲೆಕ್ಕ ಚೊಕ್ಕವಾಗಿಯೇ ಇತ್ತು.

ಯುದ್ಧವನ್ನು ಆಟ ಮಾಡಬಹುದೇ ಎಂಬುದು ಇನ್ನೂ ಗಂಭೀರವಾದ ಆಕ್ಷೇಪ. ಪ್ರಷ್ಯನ್ನರು ಈ ಆಟದಿಂದಲೇ ನಿಜವಾದ ಯುದ್ಧ ಕಲಿತರೆಂಬುದನ್ನು ಮರೆಯುವಂತಿಲ್ಲ. ನಿಜವಾದ ಯುದ್ಧದ ಮೂರ್ಖತನಕ್ಕಿಂತ ಈ ಪುಟ್ಟ ಯುದ್ಧವೇ ಮೇಲೆಂದು ವೆಲ್ಸ್ ತಮ್ಮ ಪುಸ್ತಕದ ಕೊನೆಯಲ್ಲಿ ವಾದಿಸಿದರು ನಿಜ. ಮರುವರ್ಷವೇ, 1914ರಲ್ಲಿ, ಮೊದಲನೆಯ ಮಹಾಯುದ್ಧ ಬಂದೇ ಬಂತು. ಆದುದರಿಂದ ಆಟ ಆಡಿದರೆ ಯುದ್ಧ ನಿಲ್ಲುತ್ತದೆ ಎಂಬ ಹಗಲುಗನಸು ನಮಗಿಲ್ಲ. ಆದರೆ ಹೊಳೆಯುವ ತವರದ ಸಿಪಾಯಿಗೂ ಕೆಸರು ಹಿಡಿದ ಟ್ಯಾಂಕಿಗೂ ಒಂದು ಭೇದವನ್ನು ನಾವು ಕಂಡೆವು. ಹೊಳೆಯುವ ಸಿಪಾಯಿ ಕಲಿಸುವುದು ಮೆರವಣಿಗೆಯನ್ನು. ಕೆಸರು ಎಲ್ಲಿ ಕೂರುತ್ತದೆ, ಮಸಿ ಎಲ್ಲಿ ಹತ್ತುತ್ತದೆ ಎಂದು ತಿಂಗಳುಗಟ್ಟಲೆ ಯೋಚಿಸಿದವನಿಗೆ ಆ ಕಬ್ಬಿಣದ ಡಬ್ಬಿಯೊಳಗೆ ಸೆಪ್ಟೆಂಬರಿನ ಸೆಕೆಯಲ್ಲಿ ಕುಳಿತವರ ನೆನಪು ಬಾರದಿರದು.

ಖೋಲಿಯ ಗೋಡೆಗೆ ಹೊಡೆದ ಚಿಕ್ಕ ಹಲಗೆಯೊಂದರ ಮೇಲೆ ಒಂದು ಜೀಪು ಇತ್ತು, ಬೆರಳಿನ ಉದ್ದವೂ ಇಲ್ಲ. ಅದರ ಮೇಲೊಂದು ತೋಪು. ನಾಲ್ಕನೆಯ ಗ್ರೆನೇಡಿಯರ್ಸ್‌ನ ಹವಿಲ್ದಾರ ಅಬ್ದುಲ್ ಹಮೀದರು ಅಂಥ ಜೀಪಿನ ಮೇಲಿಂದಲೇ ಪ್ಯಾಟನ್‌ಗಳನ್ನು ಹೊಡೆದು 10ನೆಯ ಸೆಪ್ಟೆಂಬರಿನಂದು ಪ್ರಾಣ ಕೊಟ್ಟರು. ಮರಣೋತ್ತರವಾಗಿ ಪರಮವೀರ ಚಕ್ರ ಪಡೆದರು. ಈ ಜೀಪು ಮೇಜಿನ ಮೇಲೆ ಏಕಿಲ್ಲ ಎಂದು ಕೇಳಿದೆವು. ಮಾಡುವಾಗ ಆಡಬೇಕೆಂದೇ ಮಾಡಿದ್ದರಂತೆ. ಪೂರೈಸಿದ ಮೇಲೆ, ಅದರ ಹಣೆಬರಹಕ್ಕೆ ದಾಳ ಉರುಳಿಸಲು ಕೈ ಬರಲಿಲ್ಲವಂತೆ. ಅದರ ಚಕ್ರಗಳ ಕೆಸರು ಮಾತ್ರ ಎಲ್ಲಿಯೂ ತಪ್ಪಿಲ್ಲ. ನಾವು ಕನ್ನಡಕ ಹಾಕಿ ನೋಡಿದೆವು.

ಆದುದರಿಂದ ಆ ಅಣ್ಣನವರಲ್ಲಿ ನಮ್ಮ ವಿನಂತಿ ಇಷ್ಟೇ. ತಾವು ಸ್ವತಃ ಕ್ಯಾಂಟೀನು ನಡೆಸುವವರು. ತಮ್ಮ ಕಣ್ಣಿಗೆ ಕಾಣದ ಕಲೆ ಇಲ್ಲ. ಒಂದು ರವಿವಾರ ಡೊಂಬಿವಲಿಗೆ ಹೋಗಿ, ಬೈಯುವುದಾದರೂ ಸರಿ, ಆ ಷರ್ಮನ್ನನ್ನು ಕೈಗೆತ್ತಿಕೊಂಡು ಎಲ್ಲಿ ಕೆಸರು ಹೆಚ್ಚಾಯಿತು, ಎಲ್ಲಿ ಕಡಮೆಯಾಯಿತು ಎಂದು ತಮ್ಮನವರಿಗೆ ಹೇಳಬೇಕು. ತುಕ್ಕನ್ನು ಅವರು ನಮ್ಮ ಮಾತಿಗೆ ಒಪ್ಪಿ ಆಗಲೇ ತೆಗೆದಿದ್ದಾರೆ. ಹೋಗುವಾಗ ಕ್ಯಾಂಟೀನಿನ ಸೋಸಿದ ಚಹಾಪುಡಿಯನ್ನು ಸ್ವಲ್ಪ ಒಯ್ದರೆ ಉಪಕಾರ, ಇನ್ನೊಂದು ಗದ್ದೆ ಬಾಕಿ ಇದೆ. ಪುಡಿಯನ್ನು ಮಾತ್ರ ಕಾವಲಿಯ ಮೇಲೆ ಚೆನ್ನಾಗಿ ಹುರಿದು ಒಣಗಿಸಿರಬೇಕು. ಹಸಿಯಾಗಿಯೇ ಹಾಕಿದ ಅವರ ಮೊದಲನೆಯ ಗದ್ದೆಗೆ ಎಂಟು ದಿನಗಳಲ್ಲಿ ಬೂಷ್ಟು ಹಿಡಿದು, ಕಬ್ಬಿನ ಸಮೇತ ಎಸೆಯಬೇಕಾಯಿತಂತೆ.